ಕಮಲಾಪುರಕ್ಕೆ ಹೋಗುತ್ತಾರಂತೆ

ನನ್ನ ಗಂಡ ಕಮಲಾಪುರದ ತಂಡ ಸೇರುತ್ತಾರೆ ಎಂಬ ಸುದ್ದಿಯನ್ನು ಒಂದೇ ಮುಂಜಾನೆ ಮೂವರು ನನ್ನ ಕಿವಿಗೆ ಹಾಕಿದರು. ಬಾವಿಯ ಹತ್ತಿರ ಸಿಕ್ಕ ಪಕ್ಕದ ಮನೆಯ ಸೊಸೆ, ತನ್ನ ಹೆಸರು ಎಲ್ಲಿಯೂ ಬರಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡು ಹೇಳಿದಳು. ಹಾಲು ಹಾಕುವವಳು ಆಣೆ ಗೀಣೆ ಏನೂ ಇಲ್ಲದೆ ಬಾಗಿಲಲ್ಲಿಯೇ ನಿಂತು ಹೇಳಿದಳು. ಮೂರನೆಯವರು ನನ್ನ ಅತ್ತೆ. ಅವರು ಹೇಳಲಿಲ್ಲ, ಕೇಳಿದರು. ಇದರಲ್ಲಿ ನಿನ್ನ ಕೈ ಎಷ್ಟು ಇದೆ ಎಂದು.

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಕಮಲಾಪುರ ನನ್ನ ತವರು. ಅಲ್ಲಿಯ ತಂಡದ ಮುಖಂಡ ನನ್ನ ಸ್ವಂತ ಅಣ್ಣ.

ಆಗ ನಿಜಾಮರ ಆಳ್ವಿಕೆ. ಕಚೇರಿಯವರು ನಮ್ಮ ಊರನ್ನು ಗುಲ್ಬರ್ಗಾ ಎಂದು ಬರೆಯುತ್ತಿದ್ದರು, ನಾವು ಕಲಬುರಗಿ ಎನ್ನುತ್ತಿದ್ದೆವು. ನಮ್ಮ ಮನೆ ಶಹಾಬಜಾರದ ಒಂದು ಸಣ್ಣ ಓಣಿಯಲ್ಲಿತ್ತು. ಯಜಮಾನರು ಕಾಳಿನ ದಲ್ಲಾಳಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ತೊಗರಿಯ ಚೀಲ ನೋಡಿಕೊಳ್ಳುತ್ತಿದ್ದರು. ಆದರೆ ಊರಿಗೆ ಅವರು ಗೊತ್ತಿದ್ದದ್ದು ತೊಗರಿಯಿಂದಲ್ಲ, ಹುತುತು ಆಟದಿಂದ. ನಡುವಿನ ಗೆರೆ ದಾಟಿ, ಒಂದೇ ಉಸಿರಿನಲ್ಲಿ 'ಹುತುತು ಹುತುತು' ಎನ್ನುತ್ತ ಎದುರಿನವರನ್ನು ಮುಟ್ಟಿ, ಉಸಿರು ಮುಗಿಯುವ ಮೊದಲು ಮರಳಿ ಬರಬೇಕು. ಮದುವೆಯಾದ ಹೊಸದರಲ್ಲಿ ನಾನೇ ನೋಡಿದ್ದೇನೆ. ಅವರು ಒಂದು ಉಸಿರು ಹಿಡಿದು ಹೋಗಿ ಬರುವಷ್ಟರಲ್ಲಿ ನೋಡುತ್ತಿದ್ದವರು ಮೂರು ಸಲ ಉಸಿರಾಡಿರುತ್ತಿದ್ದರು.

ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಕುಸನೂರಿನ ಬಯಲಿನಲ್ಲಿ ಊರೂರುಗಳ ನಡುವೆ ಪಂದ್ಯ ನಡೆಯುತ್ತಿತ್ತು. ನಡೆಸುತ್ತಿದ್ದವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಒಬ್ಬ ಜಮಾದಾರರು. ಅವರ ಕಾಯಿದೆ ಎರಡೇ. ಒಂದು, ಗಂಡಸು ಹುಟ್ಟಿದ ಊರಿಗಾದರೂ ಆಡಬಹುದು, ಹೆಣ್ಣು ತಂದ ಊರಿಗಾದರೂ ಆಡಬಹುದು. ಎರಡು, ಪಂದ್ಯಕ್ಕೆ ಮೊದಲಿನ ಗುರುವಾರ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಕೂಗುವುದರೊಳಗೆ ಆಟಗಾರರ ಹೆಸರು ಅವರ ಪುಸ್ತಕದಲ್ಲಿ ಬರೆಸಬೇಕು. ಬಾಂಗ್ ಕೂಗಿದ ಮೇಲೆ ಸ್ವತಃ ನಿಜಾಮರು ಬಂದರೂ ಹೆಸರು ಸೇರಿಸುವುದಿಲ್ಲ ಎಂದು ಅವರು ಹೇಳುತ್ತಿದ್ದರು, ಆದರೆ ಮೆಲ್ಲಗೆ ಹೇಳುತ್ತಿದ್ದರು.

ಸುದ್ದಿ ಹುಟ್ಟಿದ್ದು ಆ ಗುರುವಾರಕ್ಕೆ ಎಂಟು ದಿನ ಮುಂಚೆ. ಮೊದಲ ದಿನ, ಕಮಲಾಪುರದವರು ಅಳಿಯನನ್ನು ಕೇಳಿದ್ದಾರಂತೆ ಎಂದಿತ್ತು. ಮರುದಿನ, ಬದಲಿಗೆ ತಮ್ಮ ಇಬ್ಬರು ಆಟಗಾರರನ್ನು ಕಲಬುರಗಿಗೆ ಕೊಡುತ್ತಾರಂತೆ ಎಂದಾಯಿತು; ಆ ಇಬ್ಬರ ಹೆಂಡಂದಿರು ನಮ್ಮ ಊರಿನವರು, ಕಾಯಿದೆಗೂ ಸರಿಹೋಗುತ್ತಿತ್ತು. ಮೂರನೆಯ ದಿನಕ್ಕೆ ಇಬ್ಬರ ಮೇಲೆ ಒಂದು ಬಂಡಿ ಕೆಂಪು ಬಾಳೆಹಣ್ಣೂ ಸೇರಿತು. ಕಮಲಾಪುರದ ಕೆಂಪು ಬಾಳೆ ಎಂದರೆ ನಮ್ಮ ಸೀಮೆಯಲ್ಲೆಲ್ಲ ಹೆಸರು, ಆದ್ದರಿಂದ ಈ ಬಂಡಿಯನ್ನು ಯಾರೂ ಅನುಮಾನಿಸಲಿಲ್ಲ.

ನನ್ನ ದುರದೃಷ್ಟ, ಅದೇ ವಾರ ಅಣ್ಣ ಯಾವುದೋ ಕೋರ್ಟಿನ ಕೆಲಸಕ್ಕೆ ಬಂದವನು ತಂಗಿಯ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಒಂದು ಗೊನೆ ಕೆಂಪು ಬಾಳೆ ಹೊತ್ತು ತಂದ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ನೋಡಿದರು. ಅವನು ನೀರು ಕುಡಿದು ಕೋರ್ಟಿಗೆ ಹೋದ. ಅತ್ತೆ ಗೊನೆಯನ್ನು ಒಳಗೆಳೆದು ಬಾಗಿಲು ಹಾಕಿದರು. ಮುಚ್ಚಿದ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಕದ್ದವರಂತೆ ಹಣ್ಣು ತಿಂದೆವು. ಸಿಪ್ಪೆ ಹೊರಗೆ ಹಾಕಿದರೆ ಕಾಣುತ್ತದೆ ಎಂದು ಅತ್ತೆ ಒಲೆಗೆ ಹಾಕಿದರು. ಹಸಿ ಸಿಪ್ಪೆ ಉರಿಯಲಿಲ್ಲ, ಹೊಗೆಯಾಯಿತು. ಹೊಗೆ ಓಣಿಯ ತುಂಬ ಹರಡಿತು. ಹೊತ್ತು ಮುಳುಗುವುದರೊಳಗೆ, ಬಂಡಿ ಬಂದು ಮುಟ್ಟಿದೆ, ಹಣ್ಣು ಖಾಲಿಯೂ ಆಗಿದೆ ಎಂಬ ಮಾತು ಮರಳಿ ನಮ್ಮ ಮನೆಗೇ ಬಂತು.

ಆ ಮನೆಯಲ್ಲಿ ನನ್ನ ಮಾತಿಗೆ ಎಷ್ಟು ತೂಕವಿತ್ತೆಂದರೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾನು ಹೇಳಿದರೆ ಅತ್ತೆ ಮತ್ತೊಬ್ಬರನ್ನು ಕರೆದು ರುಚಿ ನೋಡಿಸುತ್ತಿದ್ದರು. ಅಂಥ ನಾನು ಗಂಡನನ್ನು ಎತ್ತಿಕೊಂಡು ಕಮಲಾಪುರದಲ್ಲಿ ಇಡಬಲ್ಲೆ ಎಂದು ಇಡೀ ಶಹಾಬಜಾರ ನಂಬಿತು. ಬಾವಿಯ ಹತ್ತಿರ ನನಗೆ ದಾರಿ ಬಿಡತೊಡಗಿದರು. ಹಾಲಿನವಳು ಕೇಳದೆಯೇ ಒಂದು ಗಿಂಡಿ ಹೆಚ್ಚು ಹಾಲು ಸುರಿದು, 'ಯಜಮಾನರಿಗೆ ಕುಡಸ್ರಿ ಅಕ್ಕಾ' ಎಂದು ಹೋದಳು. ನಮ್ಮ ತಂಡದ ಮುಖಂಡರು ಬಟ್ಟೆಗೆ ಬಣ್ಣ ಹಾಕುವ ಒಬ್ಬ ಮುಸಲ್ಮಾನ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಮೊಣಕೈವರೆಗೆ ಅವರ ಕೈ ಸದಾ ನೀಲಿ. ಅವರು ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಆಟದ ಸುದ್ದಿಯನ್ನೇ ಎತ್ತದೆ, ಸೊಸೆಯ ಸೀರೆ ಮಾಸಿದೆಯಲ್ಲ, ಕೊಡಿ, ಬಣ್ಣ ಏರಿಸಿ ಕೊಡುತ್ತೇನೆ ಎಂದು ಅತ್ತೆಯ ಹತ್ತಿರ ಹೇಳಿದರು. ಸೀರೆ ಹೋಯಿತು, ನೀಲಿಯಾಗಿ ಬಂತು. ಅತ್ತೆ ತಮ್ಮ ಎರಡು ಹಳೆ ಸೀರೆಯನ್ನೂ ಕೊಟ್ಟು ಕಳಿಸಿದರು.

ಇಷ್ಟರ ನಡುವೆ ಯಜಮಾನರು ಬಾಯಿ ಬಿಡಲಿಲ್ಲ. ಯಾರು ಕೇಳಿದರೂ 'ನೋಡೂಣು' ಎನ್ನುವರು, ಮೀಸೆಯಲ್ಲಿಯೇ ನಗುವರು. ಹೆಚ್ಚಿನ ಹಾಲು ಕುಡಿದರು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನಾನೇ ಧೈರ್ಯ ಮಾಡಿ ಕೇಳಿದೆ. ತಲೆ ಎತ್ತದೆ ಹೇಳಿದರು:

'ಕೇಳ್ಯಾರ. ನಾ ಇನ್ನಾ ಹೂಂ ಅಂದಿಲ್ಲ.'

ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ನನ್ನ ತವರಿನವರು ನನ್ನ ಗಂಡನನ್ನು ಕೇಳಿದರೆ ಮೊದಲು ನನಗೆ ಗೊತ್ತಾಗಬೇಡವೇ? ಅಣ್ಣ ಬಾಳೆಗೊನೆ ಇಳಿಸಿ ಹೋದವನು ಒಂದು ಮಾತಾದರೂ ಆಡಬೇಡವೇ?

ಬುಧವಾರ ಮುಂಜಾನೆ, ಹೆಸರು ಬರೆಸಲು ಒಂದೇ ದಿನ ಉಳಿದಿರುವಾಗ, ಅವರು ಕುಸನೂರಿಗೆ ತೊಗರಿ ನೋಡಿ ಬರುತ್ತೇನೆಂದು ರುಮಾಲು ಸುತ್ತಿಕೊಂಡು ಹೋದರು. ಒಂದು ಗಳಿಗೆಯಲ್ಲಿ ಚಾಚಾ ಓಡಿ ಬಂದರು. ಹುಮನಾಬಾದ ರಸ್ತೆಯಲ್ಲಿ, ಅಂದರೆ ಕಮಲಾಪುರದ ದಾರಿಯಲ್ಲಿ, ಕೆಂಪು ರುಮಾಲಿನವರೊಬ್ಬರು ಬಂಡಿ ಹತ್ತಿದ್ದನ್ನು ಯಾರೋ ನೋಡಿದ್ದರು. ಯಜಮಾನರದೂ ಕೆಂಪು ರುಮಾಲೇ. ಚಾಚಾ ಕಟ್ಟೆಯ ಮೇಲೆ ಕುಸಿದು ಕೂತರು. ಆಮೇಲೆ ಎದ್ದು, ಈಗಲೇ ಮೋಟಾರು ಹಿಡಿದು ಕಮಲಾಪುರಕ್ಕೆ ಹೋಗೋಣ, ನಿಮ್ಮ ಸೊಸೆ ಬಂದು ಅವಳ ಅಣ್ಣನಿಗೆ ಒಂದು ಮಾತು ಹೇಳಲಿ ಎಂದು ಅತ್ತೆಯನ್ನು ಬೇಡಿಕೊಂಡರು. ಸೊಸೆಯನ್ನು ಒಬ್ಬಳನ್ನೇ ಕಳಿಸುವ ರೂಢಿ ಇರಲಿಲ್ಲ. ಅತ್ತೆ ಮನೆಗೆ ಬೀಗ ಹಾಕಿ ತಾವೂ ಹೊರಟರು.

ಹೀಗೆ ನಾವು ಮೂವರು ಮೋಟಾರಿನಲ್ಲಿ ಕೂತೆವು. ಚಾಚಾ ಡ್ರೈವರನ ಪಕ್ಕದಲ್ಲಿ, ನಾವು ಹಿಂದೆ ಎರಡು ಆಡುಗಳ ಜೊತೆ. ಅತ್ತೆ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ, ಆಡುಗಳ ಜೊತೆ ಆಡಿದರು. ಹೆತ್ತವರನ್ನು ಬಿಟ್ಟು ಹೆಂಡತಿಯ ಊರಿಗೆ ಹೋಗುವ ಮಕ್ಕಳ ಬಗ್ಗೆ ಅವರು ಹೇಳಿದ್ದನ್ನೆಲ್ಲ ಆ ಆಡುಗಳು ಶಾಂತವಾಗಿ ಕೇಳಿಸಿಕೊಂಡವು.

ಮುನ್ಸೂಚನೆಯಿಲ್ಲದೆ ಬೀಗಿತ್ತಿಯನ್ನು ಕಂಡು ನನ್ನ ಅವ್ವ ಗಾಬರಿಯಾದಳು. ಗಾಬರಿಯಾದಾಗ ಅವಳು ಮಾಡುತ್ತಿದ್ದದ್ದು ಒಂದೇ, ಬಂದವರನ್ನು ಕೂರಿಸಿ ತಿನ್ನಲು ಕೊಡುವುದು. ಅತ್ತೆಗೆ ಒಳಗೆ, ಚಾಚಾರಿಗೆ ಪಡಸಾಲೆಯಲ್ಲಿ ಎಲೆ ಹಾಕಿ, ಹಿಂದಿನ ದಿನದ ಹೋಳಿಗೆ ತುಪ್ಪ ಬಡಿಸಿದಳು. ಅಳಿಯ ಬಂದಿಲ್ಲವಲ್ಲ ಎಂದಳು. ಬಚ್ಚಿಟ್ಟಿರಬೇಕು ಎಂಬಂತೆ ಚಾಚಾ ಸುತ್ತ ನೋಡಿದರು. ನಾನು ಹಿತ್ತಲಿನಿಂದ ತೋಟಕ್ಕೆ ಇಳಿದೆ. ಅಣ್ಣ ಬಾಳೆಯ ಗಿಡಗಳಿಗೆ ನೀರು ತಿರುಗಿಸುತ್ತಿದ್ದ. ಯಜಮಾನರು ಎಲ್ಲಿ ಎಂದು ಕೇಳಿದೆ. ನಿನ್ನ ಗಂಡ ನಿನ್ನ ಮನೆಯಲ್ಲಿರಬೇಕು ಎಂದ. ನಾನು ಎಂಟು ದಿನದ ಕಥೆಯನ್ನೆಲ್ಲ ಹೇಳಿದೆ, ಬದಲಿಗೆ ಕೊಡುವ ಇಬ್ಬರು ಆಟಗಾರರನ್ನೂ ಬಂಡಿಯನ್ನೂ ಸೇರಿಸಿ. ಅಣ್ಣ ಗುದ್ದಲಿ ಬಿಟ್ಟು ಬದುವಿನ ಮೇಲೆ ಕೂತ.

'ನಾವು ಕೇಳಿಲ್ಲವ್ವ ತಂಗಿ. ಭಾವನೇ ಬಂದು ಕೇಳ್ಯಾನ.'

ಹಿಂದಿನ ತಿಂಗಳು ಕಮಲಾಪುರದಲ್ಲೊಂದು ಮದುವೆಯಾಗಿತ್ತು. ಯಜಮಾನರು ಒಬ್ಬರೇ ಹೋಗಿ ಬಂದಿದ್ದರು. ಅಲ್ಲಿ ದಿಬ್ಬಣದ ಜೊತೆ ಬಂದಿದ್ದ ಬೇರೆ ಊರಿನ ಹುಡುಗರ ಜೊತೆ ತಮಾಷೆಗೆ ಒಂದು ಆಟ ಆಡಿದರಂತೆ. ಗೆರೆ ದಾಟಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಉಸಿರು ಮುಗಿಯಿತಂತೆ. ಆಮೇಲೆ ಅಣ್ಣನನ್ನು ಬದಿಗೆ ಕರೆದು, ಕಲಬುರಗಿಯ ತಂಡದಲ್ಲಿ ಈ ಸಲ ಹೊಸಬರನ್ನು ಹಾಕುವ ಮಾತು ನಡೆದಿದೆ, ನನ್ನ ಹೆಸರು ಇರುತ್ತದೋ ಇಲ್ಲವೋ, ನಿಮ್ಮಲ್ಲಿ ಜಾಗವಿದ್ದರೆ ಹೇಳು ಎಂದರಂತೆ. ಅಣ್ಣನಿಗೆ ಭಾವನ ಮುಖ ನೋಡಿ ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ನೋಡೋಣ ಎಂದು ಹೇಳಿ ಜಾರಿಕೊಂಡಿದ್ದ. ಮೊನ್ನೆ ನಮ್ಮ ಮನೆಗೆ ಬಂದಾಗಲೂ ಭಾವ ಎದುರಾದಾರೆಂದು ಹೆದರಿ ಬೇಗ ಹೊರಟು ಹೋಗಿದ್ದ.

ನಾನೂ ಆ ಬದುವಿನ ಮೇಲೆ ಕೂತೆ. ಆ ಚಳಿಗಾಲದಲ್ಲಿ ಅವರು ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಸುಣ್ಣ ಉದುರಿದ್ದನ್ನು ನೋಡುತ್ತಿದ್ದದ್ದು ನೆನಪಾಯಿತು. ನಮ್ಮ ಗೋಡೆಯ ಸುಣ್ಣ ಅಷ್ಟು ದಿನ ನೋಡುವಂಥದ್ದೇನೂ ಆಗಿರಲಿಲ್ಲ. ಅದು ನನಗೆ ತಿಳಿಯಬೇಕಿತ್ತು. ಸುದ್ದಿಯನ್ನು ಹುಟ್ಟಿಸಿದವರು ಯಾರು ಎಂಬುದೂ ಈಗ ತಿಳಿಯಿತು. ಅಡತಿ ಅಂಗಡಿಯ ಎದುರಿನ ಪಾನಪಟ್ಟಿ ಅಂಗಡಿಯವನ ಕಿವಿಯಲ್ಲಿ, ಯಾರಿಗೂ ಹೇಳಬೇಡ ಎಂದು ಒಂದು ಮಾತು ಹಾಕಿದ್ದರೆ ಸಾಕು, ಉಳಿದದ್ದನ್ನು ಊರೇ ಮಾಡುತ್ತದೆ. ಬೇರೆಯವರು ಕೇಳುತ್ತಿದ್ದಾರೆಂದರೆ ಮನೆಯವರು ಬಿಡುವುದಿಲ್ಲ. ತೊಗರಿ ವ್ಯಾಪಾರದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೊದಲು ನಗು ಬಂತು. ನಕ್ಕು ಮುಗಿಯುವ ಮೊದಲೇ ಕಣ್ಣು ತುಂಬಿತು. ಅಣ್ಣ ಏನು ಮಾಡುವುದೆಂದು ತಿಳಿಯದೆ ನೀರಿನ ಕಾಲುವೆಯನ್ನು ಮುಚ್ಚಿದ, ಮತ್ತೆ ತೆಗೆದ.

ಪಡಸಾಲೆಗೆ ಮರಳಿದಾಗ ಚಾಚಾ ಮೂರನೆಯ ಹೋಳಿಗೆಯಲ್ಲಿದ್ದರು. ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಬಾಗಿಲ ಹಿಂದಿನಿಂದ ಅತ್ತೆಯೂ ನೋಡಿದರು. ಗಂಡನ ಮನೆಗೆ ಬಂದು ಎಂಟು ವರ್ಷವಾಗಿತ್ತು, ಇಬ್ಬರು ಹಿರಿಯರು ನನ್ನ ಬಾಯಿಂದ ಏನು ಬರುತ್ತದೆಂದು ಕಾದು ಕೂತದ್ದು ಅದೇ ಮೊದಲು.

'ಕೇಳಿದ್ದು ಖರೆ ಅಂತ್ರಿ. ಇವರು ಒಲ್ಲೆ ಅಂದಾರಂತ. ನಮ್ಮೂರು ಬಿಟ್ಟು ಬರೂದಿಲ್ಲ ಅಂದಾರಂತ' ಎಂದೆ.

ಹಿಂದೆ ಬಂದು ನಿಂತಿದ್ದ ಅಣ್ಣ ತಲೆಯಾಡಿಸಿದ. ಬರೀ ತಲೆಯಾಡಿಸಿ ಸುಮ್ಮನಿರಬಹುದಿತ್ತು. ಆದರೆ ಸುಳ್ಳಿನಲ್ಲಿ ಕಾಲಿಟ್ಟ ಮೇಲೆ ನಮ್ಮ ಮನೆತನದವರು ಮೊಣಕಾಲು ಮಟ್ಟದಲ್ಲಿ ನಿಲ್ಲುವವರಲ್ಲ. ಎರಡು ಸಲ ಕೇಳಿದೆವು, ಬಂಡಿ ಹಣ್ಣಿನ ಮಾತೂ ಆಡಿದೆವು, ಆ ಮನುಷ್ಯ ಬಗ್ಗಲಿಲ್ಲ ಎಂದು ಸೇರಿಸಿದ. ಚಾಚಾರ ಕಣ್ಣಲ್ಲಿ ನೀರು ಬಂತು. ನೀಲಿ ಕೈಯ ಹಿಂಬದಿಯಿಂದ ಒರೆಸಿಕೊಂಡು, ಇಂಥ ಮನುಷ್ಯನನ್ನು ಈ ಸಲ ಹಿಂದೆ ಕೂರಿಸಬೇಕೆಂದು ನಾನು ನೆನೆಸಿದ್ದೆನಲ್ಲ, ಅಲ್ಲಾಹ್ ಮಾಫ್ ಮಾಡಲಿ ಎಂದರು. ಅತ್ತೆ ಒಳಗಿನಿಂದ ಬಂದು ನನ್ನ ಪಕ್ಕ ನಿಂತರು. ಮರಳುವ ಮೋಟಾರಿನಲ್ಲಿ ಆಡುಗಳಿರಲಿಲ್ಲ, ಅತ್ತೆ ನನ್ನ ಜೊತೆ ಮಾತಾಡಿದರು.

ಅಣ್ಣ ಮಾತ್ರ ಮೋಟಾರಿನವರೆಗೆ ಬಂದು ನನ್ನ ಕಿವಿಯಲ್ಲಿ ಗೊಣಗಿದ. ಇನ್ನು ನಮ್ಮೂರಿನವರು ನನ್ನನ್ನೇ ಕೇಳುತ್ತಾರೆ, ಯಾವ ಇಬ್ಬರನ್ನು ಕೊಡಲು ಹೊರಟಿದ್ದೆ ಎಂದು. ಯಾರ ಹೆಸರು ಹೇಳಲಿ?

ಸಂಜೆಗೆ ಶಹಾಬಜಾರ ತಲುಪಿದಾಗ ನಮ್ಮ ಮನೆಯ ಮುಂದೆ ಜನ ನೆರೆದಿದ್ದರು. ಯಜಮಾನರು ಬೀಗ ಹಾಕಿದ ಬಾಗಿಲ ಮುಂದೆ ಹಸಿದು ಕೂತಿದ್ದರು. ಅವರು ನಿಜವಾಗಿಯೂ ಕುಸನೂರಿಗೆ ಹೋಗಿ, ತೊಗರಿ ನೋಡಿ, ಮಧ್ಯಾಹ್ನಕ್ಕೇ ಮರಳಿದ್ದರು. ಬಂಡಿ ಹತ್ತಿದ ಕೆಂಪು ರುಮಾಲು ಬೇರೆ ಯಾರದೋ. ಅಷ್ಟರೊಳಗೆ ಓಣಿಯಲ್ಲಿ ಹೊಸ ಸುದ್ದಿ ಎದ್ದಿತ್ತು: ಕಮಲಾಪುರದವರು ಚಾಚಾರನ್ನೇ ಮುಖಂಡರನ್ನಾಗಿ ಕರೆದೊಯ್ದಿದ್ದಾರೆ, ಅತ್ತೆ ಸೊಸೆ ಮನೆಗೆ ಬೀಗ ಹಾಕಿ ಅಲ್ಲಿಯೇ ನೆಲೆಸಲು ಹೋಗಿದ್ದಾರೆ, ಗಂಡನನ್ನು ಮಾತ್ರ ಬಿಟ್ಟಿದ್ದಾರೆ. ಹೊಸ ಮುಖಂಡ ಯಾರಾಗಬೇಕೆಂದು ಕಟ್ಟೆಯ ಮೇಲೆ ಚರ್ಚೆಯೂ ಶುರುವಾಗಿತ್ತು. ಚಾಚಾ ಆ ಚರ್ಚೆಯವರನ್ನು ಬೈಯುವ ಮೊದಲು ಯಜಮಾನರನ್ನು ಅಪ್ಪಿಕೊಂಡರು. ಏಕೆಂದು ಅವರಿಗೆ ತಿಳಿಯಲಿಲ್ಲ. ಹೊಸದಾಗಿ ಒಗೆದ ಅಂಗಿಯ ಬೆನ್ನಿನ ಮೇಲೆ ಎರಡು ನೀಲಿ ಅಂಗೈ ಮೂಡಿದವು.

ರೊಟ್ಟಿ ಬಡಿಯುತ್ತಿದ್ದಾಗ ಅವರು ಒಲೆಯ ಹತ್ತಿರ ಬಂದು ಕೂತರು. ಅಣ್ಣ ಏನೆಂದ ಎಂದು ಕೇಳಿದರು. ಚಾಚಾರಿಗೆ ಹೇಳಿದ್ದನ್ನೇ ಹೇಳಿದೆ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ರೊಟ್ಟಿಯನ್ನು ನೋಡಿದೆ.

'ನಿಮ್ಮಣ್ಣ ಒಳ್ಳೇವ ಅದಾನ' ಎಂದು ಮಾತ್ರ ಹೇಳಿದರು.

ಗುರುವಾರ ಬಾಂಗ್‌ಗೆ ಬಹಳ ಮೊದಲೇ ಜಮಾದಾರರ ಪುಸ್ತಕದಲ್ಲಿ ಅವರ ಹೆಸರು ಎಲ್ಲಕ್ಕಿಂತ ಮೇಲೆ ಬಿತ್ತು.

ಪಂದ್ಯದ ದಿನ ನಾನೂ ಅತ್ತೆಯೂ ಬಯಲಿನ ಅಂಚಿನಲ್ಲಿ ಬಂಡಿಯ ಮೇಲೆ ಕೂತು ನೋಡಿದೆವು. ನಮ್ಮವರಿಗೂ ಕಮಲಾಪುರಕ್ಕೂ ಆಟ. ಯಜಮಾನರು ಉಸಿರು ಹಿಡಿದು ಗೆರೆ ದಾಟಿದರು. ನಾನೂ ನನ್ನ ಉಸಿರು ಹಿಡಿದೆ. ಆದರೆ ಕಮಲಾಪುರದ ಹುಡುಗರು, ತಮ್ಮಲ್ಲಿ ಇಬ್ಬರನ್ನು ಕೊಟ್ಟಾದರೂ ತರಬೇಕೆಂದು ಮುಖಂಡ ಆಸೆಪಟ್ಟಿದ್ದ ಮನುಷ್ಯ ಇವನೇ ಎಂದು ಕೇಳಿದ್ದರಲ್ಲ, ಒಬ್ಬರೂ ಹತ್ತಿರ ಬರಲಿಲ್ಲ. ಹಿಂದೆ ಸರಿಯುತ್ತ ಸರಿಯುತ್ತ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿಕೊಂಡು ಇಬ್ಬರು ಬಿದ್ದರು. ಇವರು ಮೂರು ಹೆಜ್ಜೆ ಹೋಗಿ, ಬಿದ್ದವರನ್ನು ಬಗ್ಗಿ ಮುಟ್ಟಿ, ನಡೆದುಕೊಂಡೇ ಮರಳಿದರು. ಬಯಲು ಕೂಗಿತು. ಅತ್ತೆ ನನ್ನ ತೊಡೆಗೆ ಹೊಡೆದರು.

ಎರಡನೆಯ ಸಲ ಅಣ್ಣನೇ ಎದುರು ಬಂದ. ಅವನಿಗೆ ಒಳಗಿನದು ಗೊತ್ತಿತ್ತು. ಆದರೂ ಅವನು ಕೂಡಲೇ ಹಿಡಿಯದೆ ಭಾವನನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಾಡಿಸಿ, ನೋಡುವವರಿಗೆ ದೊಡ್ಡ ಕಾದಾಟದಂತೆ ಕಾಣುವಷ್ಟು ಮಾಡಿ, ಆಮೇಲೆ ಸೊಂಟ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಿದ. ಹೂರಣದ ಪಾತ್ರೆ ಇಳಿಸಿದಂತೆ ಇಳಿಸಿದ. ನಾವು ಸೋತೆವು. ಸೋತದ್ದಕ್ಕೆ ಎಲ್ಲರೂ ಚಾಚಾರನ್ನು ಬೈದರು, ಯಜಮಾನರನ್ನು ಯಾರೂ ಬೈಯಲಿಲ್ಲ.

ಮರುವರ್ಷ ಅವರು ಹೆಸರು ಕೊಡಲಿಲ್ಲ. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆ ಎಂದರು. ಚಾಚಾ ಎರಡು ಸಲ ಬಂದು ಕೇಳಿ ಹೋದರು, ಎರಡು ಸಲವೂ ನಿಜವಾಗಿ ಕೇಳಿದರು. ಅತ್ತೆ ತಾವು ಬದುಕಿರುವವರೆಗೂ ಬಂದವರಿಗೆಲ್ಲ ಆ ಕಥೆ ಹೇಳಿದರು. ಅವರ ಬಾಯಲ್ಲಿ ಇಬ್ಬರು ಆಟಗಾರರು ನಾಲ್ವರಾದರು, ಆಮೇಲೆ ಕಮಲಾಪುರದ ಅರ್ಧ ತಂಡವಾಯಿತು. ಯಜಮಾನರು ಒಳಗೆ ಕೂತು ಕೇಳುತ್ತಿದ್ದರು. ಒಮ್ಮೆ ಮಾತ್ರ, ಅರ್ಧ ತಂಡವಲ್ಲ ಅವ್ವ, ಇಬ್ಬರೇ ಎಂದು ತಿದ್ದಿದರು.