ರಸ್ತೆಯಲ್ಲಿ ಬಿಚ್ಚಿ ತೋರಿಸಿದ ಬ್ರೇಕು

ಮೂರು ವರ್ಷದ ಹಿಂದಿನ ಖಂಡೇನವಮಿಯ ಆಯುಧಪೂಜೆ ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಯರಗಟ್ಟಿಯಲ್ಲಿ ನನ್ನ ಗಂಡ ಮೌಲಾಸಾಬ ಮತ್ತು ಅವರ ಗೆಳೆಯ ಈರಣ್ಣ ಕೂಡಿ ವೆಲ್ಡಿಂಗ್ ಅಂಗಡಿ ನಡೆಸುತ್ತಾರೆ. ಚಿಕ್ಕಂದಿನಲ್ಲಿ ಗೋವಿನಜೋಳದ ತೆನೆ ಒಕ್ಕುವ ರಾಶಿ ಮಷೀನಿಗೆ ಸಿಕ್ಕಿ ನಮ್ಮವರ ಎಡಗೈಯ ಬೆರಳು ಹೋಗಿದ್ದವು. ಅದಕ್ಕೇ ಹಟ ಹಿಡಿದು ಒಂದು ಹೊಸ ಮಷೀನು ಮಾಡಿದರು. ಅದರ ಬಾಯಿಗೆ ಒಂದು ಅಡ್ಡಪಟ್ಟಿ. ಪಟ್ಟಿಗೆ ಕೈ ತಾಗಿದರೆ ಸಾಕು, ಒಳಗೆ ಬ್ರೇಕು ಬಿದ್ದು ಮಷೀನು ಗಕ್ಕನೆ ನಿಲ್ಲುತ್ತಿತ್ತು.

ಪೂಜೆಯಾಗದೆ ಹೊಸ ಮಷೀನನ್ನು ಕೆಲಸಕ್ಕೆ ಹಚ್ಚಬಾರದೆಂದು ಈರಣ್ಣನ ಪಟ್ಟು. ಖಂಡೇನವಮಿ ದಿನ ಅಂಗಡಿ ಮುಂದೆ ರಸ್ತೆಯಲ್ಲೇ ಇಟ್ಟು ಚೆಂಡು ಹೂವಿನ ಹಾರ ಹಾಕಿದರು. ಮಂದಿ ನೆರೆಯಿತು. ಯಾರೋ "ಒಳಗ ಹೆಂಗ ಐತಿ, ತೋರಸ್ರಿ ಮಾಮಾ" ಎಂದದ್ದೇ ತಡ, ನಮ್ಮವರು ಮುಚ್ಚಳ ಬಿಚ್ಚಿ, "ಕೈ ತಾಗಿದ್ರ ನಿಲ್ತೈತಿ ನೋಡ್ರಿ" ಎಂದು ಬ್ರೇಕು ತೋರಿಸಿಯೇ ಬಿಟ್ಟರು. ಹೊಗಳಿದರೆ ಉಟ್ಟ ಲುಂಗಿಯನ್ನೂ ಬಿಚ್ಚಿ ಕೊಡುವ ಆಸಾಮಿ ಅವರು! ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ದೀಪಾವಳಿ ಕಳೆದ ಮೇಲೆ ಪೇಟೆಂಟ್ ಮಾಡಿಸಲು ಮೂವರೂ ಬೆಳಗಾವಿಯ ವಕೀಲರ ಬಳಿ ಹೋದೆವು. "ಹಕ್ಕು ನಮ್ಮ ಹೆಸರಿಗಿದ್ರ, ನಮ್ಮ ಪಟ್ಟಿ ನಕಲು ಮಾಡಿ ಬ್ರೇಕ್ ಇಲ್ಲದ ಖೊಟ್ಟಿ ಮಷೀನ್ ಯಾರೂ ಮಾರಂಗಿಲ್ಲ" ಎಂಬುದೊಂದೇ ನಮ್ಮವರ ಆಸೆ.

ವಕೀಲರು ಎಲ್ಲ ಕೇಳಿಕೊಂಡು, "ಇಂಥಾದ್ದು ಮೊದಲ ಯಾರಾದ್ರೂ ಮಾಡ್ಯಾರೇನ್ರಿ? ನೀವು ಎಲ್ಲ್ಯಾರ ಮಂದಿಗೆ ತೋರಿಸೀರೇನು? ಗೊತ್ತಿದ್ದದ್ದನ್ನ ಮುಚ್ಚಿಡಬ್ಯಾಡ್ರಿ" ಎಂದರು.

"ಇಲ್ರೀ ಸರ, ಅಂಗಡಿ ಹೊರಗ ತಂದಿಲ್ಲ" ಎಂದುಬಿಟ್ಟ ಈರಣ್ಣ. ನಮ್ಮವರು ತಲೆ ತಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ಖಂಡೇನವಮಿಗೆ ಬಿಚ್ಚಿ ತೋರಿಸ್ಯಾರ್ರಿ. ಅರ್ಧ ಊರಿನ ಮೊಬೈಲನ್ಯಾಗ ವಿಡಿಯೋ ಐತಿ" ಎಂದೆ.

ವಕೀಲರು ಪೆನ್ನು ಕೆಳಗಿಟ್ಟರು. "ಮಂದಿ ನೋಡಿದ್ದು ಕಾನೂನಿನ್ಯಾಗ ಹೊಸಾದು ಅನಿಸ್ಕೊಳ್ಳೂದಿಲ್ಲ ಯವ್ವಾ. ಪೂಜಿಗಿಂತ ಮೊದಲ ಅರ್ಜಿ ಹಾಕಬೇಕಿತ್ತು. ಈಗ ಮುಚ್ಚಿಟ್ಟು ತಗೊಂಡ್ರೂ ನಾಳೆ ಒಂದು ವಿಡಿಯೋ ತೋರಿಸಿ ರದ್ದು ಮಾಡಸ್ತಾರ" ಎಂದರು.

ಹೊರಗೆ ಬಂದ ಮೇಲೆ ಈರಣ್ಣ, "ಭಾಬಿ, ನಿಮ್ಮ ಬಾಯಿಂದ ಹಾಳಾತು ನೋಡ್ರಿ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಆ ಮಷೀನಿನ ಮಾತೇ ಎತ್ತಲಿಲ್ಲ.

ಹೋದ ಸುಗ್ಗಿಯ ಹೊತ್ತಿಗೆ ನಮ್ಮವರು ಹೆದರಿದಂತೆಯೇ ಆಯಿತು. ಸವದತ್ತಿ ಕಡೆ ಯಾರೋ ಆ ವಿಡಿಯೋ ನೋಡಿ ಮಷೀನು ಮಾಡಿ ಮಾರಿದ್ದರು. ಅಡ್ಡಪಟ್ಟಿ ಥೇಟ್ ನಮ್ಮದೇ, ಒಳಗೆ ಬ್ರೇಕು ಮಾತ್ರ ಇಲ್ಲ. ಮನೋಳಿಯ ಒಬ್ಬ ಹೆಣ್ಣುಮಗಳು ಪಟ್ಟಿಯನ್ನು ನಂಬಿ, ಸಿಕ್ಕಿಕೊಂಡ ತೆನೆ ದೂಡಲು ಕೈ ಹಾಕಿದ್ದಳು.

ಸುದ್ದಿ ತಿಳಿದು ನಾನೂ ನಮ್ಮವರೂ ದವಾಖಾನೆಗೆ ಹೋದೆವು. ಬಲಗೈ ಮೊಣಕೈವರೆಗೂ ಇರಲಿಲ್ಲ. ನಮ್ಮವರು ಯಾರೆಂದು ತಿಳಿದಾಗ ಆಕೆ ಕೇಳಿದಳು, "ಯಣ್ಣಾ, ಕೈ ತಾಗಿದ್ರ ನಿಲ್ತೈತಿ ಅಂತ ವಿಡಿಯೋದಾಗ ನೀವ ಹೇಳಿದ್ರಲ್ರಿ?"

ನಮ್ಮವರು ಅವಳ ಮಂಚದ ಪಕ್ಕದಲ್ಲೇ ಕುಸಿದು ಕುಳಿತು ಮಗುವಿನಂತೆ ಅತ್ತರು.

ವಕೀಲರ ಮುಂದೆ ನಾನು ಹೇಳಿದ್ದು ಸತ್ಯ. ನಾಳೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಸತ್ಯ ಹೇಳಿದವರಿಗೆ ಸುಖವಾದ ನಿದ್ದೆ ಬರುತ್ತದೆ ಎಂದು ಯಾರಾದರೂ ಅಂದರೆ, ನಾನು ಎದ್ದು ಹೋಗುತ್ತೇನೆ.