ಬನಹಟ್ಟಿ ಗಾಡಿಯ ಸಾವಕ್ಕ

ಬನಹಟ್ಟಿಯ ಸಾವಕ್ಕ ಸೈಕಲ್ ಹತ್ತಿದವಳಲ್ಲ, ಹಿಡಿದು ನಾಲ್ಕು ಹೆಜ್ಜೆ ನಡೆಸಿದವಳೂ ಅಲ್ಲ. ಆದರೂ ಸಂಕ್ರಾಂತಿ ಕಳೆದು ಮೂರು ದಿನದ ಸೈಕಲ್ ಶರ್ಯತ್ತು ಬಂತೆಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಹಾಲಿಂಗಪ್ಪನ ಮನೆಯ ಮಗ್ಗಗಳ ಕಂಡಿಕೆ ಕೊಳವೆಗೆ ನೂಲು ಸುತ್ತಿಕೊಟ್ಟು ಬದುಕು ನಡೆಸಿದ ಹೆಂಗಸು. ರಾಟೆ, ನೂಲು, ಮೂರು ಗೋಡೆ, ಒಂದು ಬಾಗಿಲು. ವರ್ಷಕ್ಕೊಂದು ಸಲ ಆ ಬಾಗಿಲು ದಾಟಿಸುತ್ತಿದ್ದದ್ದು ಶರ್ಯತ್ತು.

ಮೊದಲ ದಿನ ಜಮಖಂಡಿಯಿಂದ ಮುಧೋಳ, ಮರುದಿನ ಮುಧೋಳದಿಂದ ಬೀಳಗಿ, ಮೂರನೆಯ ದಿನ ಬೀಳಗಿಯಿಂದ ತಿರುಗಿ ಜಮಖಂಡಿ. ಮೂರೂ ದಿನ ಹಿಡಿದ ಹೊತ್ತು ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದ ಹಾಗೆ. ಜಮಖಂಡಿಗೆ ಒಬ್ಬ ರಾಜ, ಮುಧೋಳಕ್ಕೆ ಇನ್ನೊಬ್ಬ, ಬೀಳಗಿಗೆ ಇಂಗ್ರೇಜರು. ರಸ್ತೆಯ ಧೂಳು ಮಾತ್ರ ಎಲ್ಲ ಕಡೆ ಒಂದೇ.

ಬನಹಟ್ಟಿಯವರ ಕಡೆಯಿಂದ ಓಡಿಸುತ್ತಿದ್ದವನು ಮುರಗೆಪ್ಪ, ಮಹಾಲಿಂಗಪ್ಪನ ಮನೆಯ ನೇಕಾರ. ಕುಣಿಮಗ್ಗದ ಗುಂಡಿಗೆ ಕಾಲಿಳಿಸಿ ಕೂತು ತುಳಿದು ತುಳಿದು ಅವನ ಕಾಲು ಒನಕೆಯಾಗಿದ್ದವು. ಮುಧೋಳದವರ ಕಡೆ ಅಮಸಿದ್ದಪ್ಪ, ಕುರಿ ಹಿಂದೆ ಓಡಿ ಬೆಳೆದ ಹುಡುಗ. ಎರಡು ವರ್ಷ ಅವನೇ ಗೆದ್ದಿದ್ದ. ಎರಡೂ ಊರಿನ ಮಂದಿ ಎತ್ತಿನ ಗಾಡಿ ಕಟ್ಟಿಕೊಂಡು, ಸವಾರರಿಗಿಂತ ಮೊದಲೇ ಹೊರಟು, ಅರ್ಧ ದಾರಿಯಲ್ಲಿ ನೀರು ಬೆಲ್ಲ ಹಿಡಿದು ಕಾಯುತ್ತಿದ್ದರು. ನೀರಿನ ಕೊಡ ನೋಡಿಕೊಳ್ಳುತ್ತೇನೆಂದು ಮಹಾಲಿಂಗಪ್ಪನ ಕಾಲು ಹಿಡಿದು ಸಾವಕ್ಕ ಗಾಡಿಯಲ್ಲಿ ಒಂದು ಮೂಲೆ ಸಂಪಾದಿಸಿದ್ದಳು. ಗಾಡಿಯಲ್ಲಿ ಹೆಂಗಸು ಯಾಕೆ ಎಂದು ಗೊಣಗುವವರು ಇದ್ದೇ ಇದ್ದರು.

ಆ ವರ್ಷ ಮೊದಲ ದಿನವೇ ಮುರಗೆಪ್ಪ ಮುಧೋಳಕ್ಕೆ ಎರಡು ನಿಮಿಷ ಮುಂದಾಗಿ ಬಂದ. ಕುಣಿದಾಡಿದ್ದೇ ಕುಣಿದಾಡಿದ್ದು. ಸಂಜೆ ನೋಡಿದರೆ ಹಿಂದಿನ ಗಾಲಿಯ ಟಾಯರು ಬದಿಯಲ್ಲಿ ನಾಲ್ಕು ಬೆರಳು ಹರಿದಿತ್ತು. ಒಳಗಿನ ಟ್ಯೂಬು ಇನ್ನೊಂದಿತ್ತು, ಟಾಯರು ಇರಲಿಲ್ಲ. ಗಂಡಸರು ತಲೆ ಮೇಲೆ ಕೈ ಹೊತ್ತು ಕೂತಾಗ ಸಾವಕ್ಕ ತನ್ನ ಗಂಟು ಬಿಚ್ಚಿದಳು. ಮಗ್ಗದಿಂದ ಹೊಸದಾಗಿ ಇಳಿದ, ಗಂಜಿ ಕುಡಿದು ಹಲಗೆಯಂತೆ ನಿಂತಿದ್ದ ಅರಿವೆಯ ತುಂಡು. ನೇಕಾರರ ಮನೆಯಲ್ಲಿ ಗಟ್ಟಿ ಎಂದರೆ ಗಂಜಿ. ಗಂಜಿ ಹಿಡಿದ ನೂಲು ಹರಿಯದು. ನಾಲ್ಕು ಮಡಿಕೆ ಮಾಡಿ ಹರಕಿನ ಒಳಗೆ ಇಟ್ಟಳು. ಗಾಳಿ ತುಂಬಿದರೆ ಕಲ್ಲಿನಂತೆ ನಿಂತಿತು.

"ಚಿಗವ್ವಾ, ನಿನ್ನ ಕೈ ಬಂಗಾರ ನೋಡು" ಎಂದ ಮುರಗೆಪ್ಪ.

ಗೊಣಗುತ್ತಿದ್ದವರೂ "ಭೇಷ್" ಅಂದರು. ನಾಲ್ಕು ಮಂದಿಯ ಮುಂದೆ ಅವಳ ಹೆಸರು ಹೊಗಳಿಕೆಯಲ್ಲಿ ಬಂದದ್ದು ಅದೇ ಮೊದಲು.

ಬೀಳಗಿ ದಾರಿಯಲ್ಲಿ ಎರಡು ಹಳ್ಳ. ಎರಡನೆಯದನ್ನು ದಾಟಿ ಎರಡೂ ಊರಿನ ಗಾಡಿ ನಿಂತಿದ್ದವು. ಮುಧೋಳದ ಗಾಡಿಯಲ್ಲಿ ಅಮಸಿದ್ದಪ್ಪನ ಅಕ್ಕ ಲಕ್ಷ್ಮವ್ವ, ಬಾಯಿ ತುಂಬ ಎಲೆಅಡಿಕೆ.

"ಏನಬೇ ಬನಹಟ್ಟ್ಯಾಕಿ, ನೇಕಾರನ ಕಾಲು ಕುಣ್ಯಾಗ ಛಲೋ. ರಸ್ತೆಕ್ಯಾಕ ತಂದೀರಿ?"

"ನಿಮ್ಮೂರಾಗ ನಾಯಿನೂ ಓಡತಾವು, ನಿನ್ನ ತಮ್ಮ ಓಡೂದೇನ ದೊಡ್ಡದು?" ಎಂದಳು ಸಾವಕ್ಕ. ಎರಡೂ ಗಾಡಿ ನಕ್ಕವು.

ಅಷ್ಟರಲ್ಲಿ ಧೂಳೆದ್ದಿತು. ಮುರಗೆಪ್ಪ ಮುಂದೆ, ಅವನ ಹಿಂದಿನ ಗಾಲಿಗೆ ಅಂಟಿದಂತೆ ಅಮಸಿದ್ದಪ್ಪ. ನೀರು ಹಾರಿಸುತ್ತ ಹಳ್ಳ ದಾಟಿ ದಂಡೆ ಏರಿದರು. ಢಬ್ ಎಂದಿತು. ಮುರಗೆಪ್ಪ ಸೈಕಲ್ ಸಮೇತ ಮಣ್ಣಿಗೆ. ಅಮಸಿದ್ದಪ್ಪ ಒಮ್ಮೆ ತಿರುಗಿ ನೋಡಿ, ಹೋದ.

"ರಾತ್ರಿ ಸೈಕಲ್ಲು ನಿಮ್ಮೂರಾಗ ಇತ್ತು! ಟ್ಯೂಬು ಕೊಯ್ದೀರಿ ಮಕ್ಕಳ್ರ್ಯಾ!" ಎಂದು ಬನಹಟ್ಟಿಯ ಶಿದ್ರಾಮಪ್ಪ ಗಾಡಿಯ ಗೂಟ ಕಿತ್ತ. ಮುಧೋಳದವರೂ ಬಾರುಕೋಲು ತೆಗೆದರು.

ಸಾವಕ್ಕ ಟಾಯರಿನೊಳಗೆ ಬೆರಳು ಹಾಕಿದಳು. ಕೈಗೆ ಬಂದದ್ದು ಲೋಳೆ. ಮೊದಲ ಹಳ್ಳದ ನೀರು ಹರಕಿನಿಂದ ನುಗ್ಗಿ ಗಂಜಿ ಕರಗಿ, ಮಡಿಕೆ ಜಾರಿ, ಟ್ಯೂಬು ಉಬ್ಬಿ ಒಡೆದಿತ್ತು. ನೆನೆದ ಗಂಜಿ ಏನಾಗುತ್ತದೆಂದು ಹುಟ್ಟಿದಾಗಿನಿಂದ ಬಲ್ಲವಳು. ಮಗ್ಗದ ಮನೆಯಲ್ಲಿ ಹಳ್ಳ ಇರಲಿಲ್ಲ, ಅದಕ್ಕೇ ನೆನಪಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ನಿನ್ನೆಯ ಹೆಸರೂ ಉಳಿಯುತ್ತದೆ, ಗಾಡಿಯ ಮೂಲೆಯೂ ಉಳಿಯುತ್ತದೆ. ಆದರೆ ಗೂಟ ಮೇಲೆದ್ದಿತ್ತು.

"ನಿಂದರ್ರೋ!" ಎಂದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಲೋಳೆ ಹಿಡಿದ ಅರಿವೆ ಎತ್ತಿ ತೋರಿಸಿದಳು. "ಯಾರೂ ಕೊಯ್ದಿಲ್ಲ. ಇದು ನನ್ನ ಗಂಜಿ. ನೀರಾಗ ಕರಗೇತಿ. ಬಡಿಯೂದಾದ್ರ ನನಗ ಬಡೀರಿ."

ಗೂಟ ಇಳಿಯಿತು. ಶಿದ್ರಾಮಪ್ಪ "ಅದಕ್ಕ ಹೇಳಿದ್ದೆ, ಹೆಂಗಸರನ್ನ ಗಾಡ್ಯಾಗ..." ಎಂದು ಅರ್ಧಕ್ಕೆ ನಿಲ್ಲಿಸಿದ. ಮಹಾಲಿಂಗಪ್ಪ ಅವಳತ್ತ ನೋಡದೆ ಮುರಗೆಪ್ಪನನ್ನು ಎಬ್ಬಿಸಲು ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಆಗ ಲಕ್ಷ್ಮವ್ವ ಎಲೆಅಡಿಕೆ ಉಗುಳಿ ಗಾಡಿಯಿಂದ ಇಳಿದಳು. ತನ್ನ ಎತ್ತಿನ ಕೊರಳಿನ ಗೆಜ್ಜೆಪಟ್ಟಿ ಬಿಚ್ಚಿ, ಗೆಜ್ಜೆ ಉದುರಿಸಿ, ಕುಡುಗೋಲಿನಿಂದ ಒಂದು ಗೇಣು ಚರ್ಮ ಕೊಯ್ದಳು.

"ಹಿಡಿ. ಇದು ನೀರಿಗೆ ಕರಗಂಗಿಲ್ಲ."

"ಯಕ್ಕಾ, ನಿನ್ನ ತಮ್ಮನ ಎದುರು ಓಡಿಸಾಂವಗ ಕೊಡತಿಯಲ್ಲ?"

"ನಿಮ್ಮಾಂವ ಇಲ್ಲೇ ಕುಂತರ, ಬನಹಟ್ಟಿ ಗಾಲಿ ಒಡೀತಂತ ನಮ್ಮಾಂವ ಗೆದ್ದ ಅಂತಾರ ಮಂದಿ. ವರ್ಷಗಟ್ಲೆ ಯಾರ ಕೇಳಬೇಕ ಅದನ್ನ? ಲಗೂ ಹಾಕ!"

ಇನ್ನೊಂದು ಟ್ಯೂಬು ಹಾಕಿ, ಚರ್ಮ ಒಳಗಿಟ್ಟು, ಗಾಳಿ ತುಂಬಿದರು. ಗಾಳಿ ಹೊಡೆದವನು ಮುಧೋಳದ ಆಳು. ಮುರಗೆಪ್ಪ ಮೊಣಕಾಲಿನ ರಕ್ತ ಒರೆಸದೆ ಹತ್ತಿದ. "ಚಿಗವ್ವಾ, ಅಳಬ್ಯಾಡ" ಎಂದು ಕೂಗುತ್ತಲೇ ಹೋದ.

ಆ ದಿನ ಕಳೆದುಕೊಂಡ ಹೊತ್ತು ಮೂರನೆಯ ದಿನ ತುಂಬಿ ಬರಲಿಲ್ಲ. ಗೆದ್ದವನು ಅಮಸಿದ್ದಪ್ಪನೇ, ಮುರಗೆಪ್ಪ ಎರಡನೆಯವ. ಆದರೆ ಜಮಖಂಡಿಯಲ್ಲಿ ಇಬ್ಬರೂ ಗಾಲಿಗೆ ಗಾಲಿ ಹಚ್ಚಿ ಬಂದದ್ದನ್ನು ನೋಡಿದವರು ಬಹಳ ಕಾಲ ಹೇಳುತ್ತಿದ್ದರು. ಸಾವಕ್ಕ ಗದ್ದಲದಲ್ಲಿ ಲಕ್ಷ್ಮವ್ವನನ್ನು ಹುಡುಕಿ ಅವಳ ಎರಡೂ ಕೈ ಹಿಡಿದಳು. ಉಳಿದ ಬೆಲ್ಲವನ್ನೆಲ್ಲ ಅವಳ ಸೆರಗಿಗೆ ಸುರಿದಳು.

ಮುಂದಿನ ವರ್ಷ ಶರ್ಯತ್ತು ಬಂದಾಗ ಸಾವಕ್ಕ ಯಾರನ್ನೂ ಕೇಳಲಿಲ್ಲ. ಯಾವ ಮುಖ ಹೊತ್ತು ಕೇಳುವುದು? ನಸುಕಿನಲ್ಲೇ ರಾಟೆ ಮುಂದೆ ಕೂತಿದ್ದಳು. ಗಾಡಿ ಬಾಗಿಲಲ್ಲಿ ನಿಂತಿತು.

"ಏ ಸಾವಕ್ಕಾ, ಹತ್ತತಿಯೋ ಇಲ್ಲೋ?" ಮಹಾಲಿಂಗಪ್ಪನ ದನಿ. "ಬಡದಾಡಾವರು ಗಾಡಿ ತುಂಬ ಅದಾರ. ಬಿಡಸಾವರು ಒಬ್ಬರೂ ಇಲ್ಲ."

ಶಿದ್ರಾಮಪ್ಪ ಮುಖ ಆಚೆ ತಿರುಗಿಸಿ, ಸರಿದು ಜಾಗ ಮಾಡಿಕೊಟ್ಟ.

ಸಂಸ್ಥಾನಗಳು ಮುಗಿದು ಶರ್ಯತ್ತು ನಿಲ್ಲುವವರೆಗೂ ಸಾವಕ್ಕ ಆ ಗಾಡಿ ತಪ್ಪಿಸಲಿಲ್ಲ. ಯಾವ ವರ್ಷ ಯಾರು ಗೆದ್ದರೆಂದು ಕೇಳಿದರೆ ತಡವರಿಸುತ್ತಿದ್ದಳು. ಯಾರು ಜಾಗ ಕೊಟ್ಟರು, ಯಾರು ಚರ್ಮ ಕೊಟ್ಟರು ಎಂಬುದನ್ನು ಮಾತ್ರ ಕೇಳದೆಯೇ ಹೇಳುತ್ತಿದ್ದಳು.