ಒಣಗದ ಗೋಡೆಯ ಮೇಲೆ ಇನ್ನೊಂದು ವರಸೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗೋಡೆ ಬಿದ್ದ ಹೊತ್ತಲ್ಲ, ಅದು ಬಿದ್ದದ್ದು ಎರಡು ತಿಂಗಳಾದ ಮೇಲೆ. 'ನಾಳೆಯಿಂದ ಸ್ಪೀಡ್ ಹೆಚ್ಚಿಸೋಣ' ಎಂದು ನಾನು ಗೆಳೆಯರ ಗ್ರೂಪಿಗೆ ಮೆಸೇಜ್ ಹಾಕಿದ ಹೊತ್ತು ಇದು. ಫೋನಿನಲ್ಲಿ ಇನ್ನೂ ಇದೆ. ಅಳಿಸಿಲ್ಲ.

ಶ್ರೀನಿವಾಸಪುರದ ಕಡೆ ಒಂದು ಕೆರೆಯ ನಡುವೆ ಹದಿನೆಂಟು ಮನೆಗಳ ದಿಬ್ಬವಿದೆ. (ಕೋಲಾರದಲ್ಲಿ ದ್ವೀಪವೇ ಎಂದು ನಗಬೇಡಿ. ನಾನೂ ನಕ್ಕಿದ್ದೆ.) ಸರ್ಕಾರದ ಯೋಜನೆಯ ಪೈಪಿನ ನೀರು ಬಂದು ಕೆರೆ ತುಂಬಿತು, ದಾರಿ ಮುಳುಗಿತು. ಮಕ್ಕಳು ಡ್ರಮ್ಮುಗಳ ತೆಪ್ಪದಲ್ಲಿ ಸ್ಕೂಲಿಗೆ ಹೋಗುತ್ತಿದ್ದರು. ಲಾರಿ ಹೋಗದ ಕಡೆ ಇಟ್ಟಿಗೆ, ಸಿಮೆಂಟು ಎಲ್ಲಿಂದ ತರುವುದು? ಅಲ್ಲಿನ ಕೆಮ್ಮಣ್ಣಿನಲ್ಲೇ ಶಾಲೆ ಕಟ್ಟಲು ನಾವು ನಾಲ್ವರು ಗೆಳೆಯರು ಹೊರಟೆವು. ಪರಿಸರಸ್ನೇಹಿ, ಸಸ್ಟೈನಬಲ್, ಎಲ್ಲ ಪದಗಳೂ ನಮ್ಮ ಬಳಿ ಇದ್ದವು. ಮಣ್ಣಿನ ಗೋಡೆ ಹಾಕಲು ಬರುತ್ತಿದ್ದದ್ದು ಮಾತ್ರ ದಿಬ್ಬದ ಹಿರಿಯ ಮುನಿಯಪ್ಪನವರಿಗೆ.

ಅವರದು ಒಂದೇ ಪದ್ಧತಿ. ಮೊಳದೆತ್ತರ ಒಂದು ವರಸೆ ಮಣ್ಣು ಹಾಕುವುದು, ಆಮೇಲೆ ಎಂಟು ದಿನ ಮುಟ್ಟದೇ ಬಿಡುವುದು. ಆದರೆ ಉದ್ಘಾಟನೆಗೆ ಅತಿಥಿಗಳ ತಾರೀಖು ಸಿಕ್ಕಿಬಿಟ್ಟಿತ್ತು.

"ಮೂರು ದಿನಕ್ಕೊಂದು ವರಸೆ ಹಾಕಿದ್ರೆ?" ಎಂದೆ.

"ಒಳಗೆ ಇನ್ನೂ ಹಸಿ ಐತೆ ಸಾರ್."

"ಫ್ಯಾನ್ ಇಟ್ಟು ಒಣಗಿಸೋಣ."

"ತಲೆಕೂದ್ಲಾ ಸಾರ್ ಇದು?" ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಮುಖ ನೋಡಿ, "ಆಗ್ಲಿ, ಓದಿರೋರು ನೀವು" ಎಂದು ಸನಿಕೆ ಎತ್ತಿಕೊಂಡರು.

ಶಾಲೆ ಶುರುವಾದ ನಾಲ್ಕನೇ ದಿನ, ಬೆಳಿಗ್ಗೆ. ಹಿಂದಿನ ದಿನ ಮಳೆ ಬಂದಿತ್ತು. ಗೋಡೆಯ ಬುಡ ಉಬ್ಬಿದ್ದನ್ನು ಮೊದಲು ಕಂಡವರು ಮುನಿಯಪ್ಪ. ನಮ್ಮೊಡನೆ ಸದಾ ಕನ್ನಡ ಆಡುವವರು ಆಗ ಕೂಗಿದ್ದು ತೆಲುಗಿನಲ್ಲಿ. "ಬೈಟಿಕಿ ರಂಡ್ರಾ!" ಮಕ್ಕಳೆಲ್ಲ ಹೊರಗೆ ಓಡಿಬಂದರು. ಎರಡನೇ ಕ್ಲಾಸಿನ ಶಾಜಿಯಾ ಬ್ಯಾಗಿಗೆಂದು ವಾಪಸ್ ಹೋದಳು. ಅವಳ ಹಿಂದೆಯೇ ಮುನಿಯಪ್ಪ ನುಗ್ಗಿ, ಅವಳನ್ನು ಬಾಗಿಲಾಚೆ ನೂಕಿದರು. ಗೋಡೆ ಕುಸಿಯಿತು. ಅವರ ಬಲಗಾಲು ಅದರಡಿಯೇ ಉಳಿಯಿತು.

ನಾನೆಲ್ಲಿದ್ದೆ? ಅಂಗಳದಲ್ಲಿ, ಶಾಲೆಯ ಫೋಟೊ ತೆಗೆಯುತ್ತಾ.

ಆಮೇಲೆ ಎಲ್ಲರದೂ ಒಂದೇ ಮಾತು, ಮಣ್ಣು ನಂಬೋಕಾಗಲ್ಲ. ಕೆಲವು ದಿನ ನಾನೂ ತಲೆಯಾಡಿಸಿದೆ. ಹಾಗೆ ಅಂದರೆ ನನಗೂ ಹಗುರವಲ್ಲವೇ? ಆದರೆ ಅದೇ ಮಣ್ಣಿನಲ್ಲಿ ಮುನಿಯಪ್ಪನವರ ಅಪ್ಪ ಕಟ್ಟಿದ ಮನೆ ಶಾಲೆಯ ಪಕ್ಕದಲ್ಲೇ ನಿಂತಿದೆ. ಒಂದು ದಿನ ಊರವರ ಮುಂದೆ ಹೇಳಿದೆ, ತಪ್ಪು ಮಣ್ಣಿನದಲ್ಲ, ನನ್ನದು ಎಂದು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಜಿಯಾಳ ಅಮ್ಮ ಮಾತ್ರ, "ಈ ಸಲ ಮುನಿಯಪ್ಪನೋರು ಹೇಳ್ದಂಗೆ ಕಟ್ಟಿ ಸಾರ್" ಎಂದರು.

ಮುನಿಯಪ್ಪ ಊರುಗೋಲು ಹಿಡಿದು ಬಂದು, ಕುರ್ಚಿಯಲ್ಲಿ ಕೂತೇ ಹೊಸ ಗೋಡೆ ಹಾಕಿಸಿದರು. ವರಸೆಗೆ ಎಂಟು ದಿನ. ಒಂದು ಗಂಟೆಯೂ ಕಡಿಮೆಯಿಲ್ಲ. ಕೊನೆಯ ವರಸೆ ಒಣಗಿದ್ದು ಕಳೆದ ಭಾನುವಾರ. ಅವರು ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿ, "ಇವತ್ತಾದ್ರೂ ಹೋಗಿ ಮಲ್ಕೊಳ್ಳಿ ಸಾರ್" ಎಂದರು. ಗೋಡೆ ಬಿದ್ದ ಮೇಲೆ ನಾನು ಬೆಳಗಿನವರೆಗೆ ನಿದ್ದೆ ಮಾಡಿದ್ದು ಅಂದೇ ಮೊದಲು.

ಗೋಡೆಗೆ ಎಂಟು ದಿನ ಸಾಕು. ಆ ಕಾಲು ಮತ್ತೆ ನೆಟ್ಟಗಾಗಲು ನಾನು ಎಷ್ಟು ದಿನ ಕಾಯಲಿ?